ಅಕ್ಕನಿಗೆ ಕೇಳಿಸುತ್ತಂತೆ

ನಮ್ಮ ಕಟ್ಟಡದಲ್ಲಿ ಅವರನ್ನು ಎಲ್ಲರೂ ಭಾವ ಎಂದು ಕರೆಯುತ್ತಿದ್ದರು. ಆ ಪದವಿ ಅವರು ಸಂಪಾದಿಸಿದ್ದಲ್ಲ. ಅವರ ಹೆಂಡತಿ ನಾಲ್ಕು ಮಹಡಿಗೂ ಅಕ್ಕ ಆಗಿದ್ದರು. ಆ ಲೆಕ್ಕದಲ್ಲಿ ಇವರು ಯಾರನ್ನೂ ಕೇಳದೆ ನಾಲ್ಕು ಮಹಡಿಗೂ ಭಾವ ಆಗಿಬಿಟ್ಟರು. ಅವರಿಗಿಂತ ಎಷ್ಟೋ ಹಿರಿಯರಾದ ನಮ್ಮ ಸಂಘದ ಕಾರ್ಯದರ್ಶಿಗಳೂ ಭಾವ ಎಂದೇ ಕೂಗುತ್ತಿದ್ದರು. ಭಾವ ಅದಕ್ಕೆ ‘ಹೂಂ’ ಅನ್ನುತ್ತಿದ್ದರು. ಅವರು ಎಲ್ಲದಕ್ಕೂ ‘ಹೂಂ’ ಅನ್ನುತ್ತಿದ್ದರು.

ಅವರದು ಬೀಗ ರಿಪೇರಿ ಕೆಲಸ. ಮೆಟ್ಟಿಲ ಕೆಳಗಿನ ಮೂಲೆಯಲ್ಲಿ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಲೂ ಆಗದಂಥ ಅಂಗಡಿ. ಅವರ ಮನೆಯ ಅಡುಗೆಮನೆ ಕಿಟಕಿ ಸರಿಯಾಗಿ ಆ ಅಂಗಡಿಯ ನೆತ್ತಿಯ ಮೇಲಿತ್ತು. ಅಕ್ಕ ಆ ಕಿಟಕಿಯಲ್ಲಿ ನಿಂತು ಬೆಳಗಿನಿಂದ ಮಾತಾಡುತ್ತಿದ್ದರು. ಯಾರ ಮನೆಗೆ ಯಾರು ಬಂದರು, ಯಾರ ಮಗುವಿಗೆ ಜ್ವರ, ತೊಟ್ಟಿಯಲ್ಲಿ ನೀರು ಎಷ್ಟಿದೆ, ಕಾರ್ಯದರ್ಶಿಗಳು ಯಾಕೆ ಸಿಡುಕುತ್ತಿದ್ದಾರೆ, ಎಲ್ಲ ಅದರಲ್ಲಿ ಬರುತ್ತಿತ್ತು. ಭಾವ ಕೆಳಗೆ ಬೀಗದ ಕೈಗೆ ಅರ ಹಾಕುತ್ತಾ ಹೂಂಗುಟ್ಟುತ್ತಿದ್ದರು.

“ಕೇಳಿಸ್ಕೊಳ್ತಾ ಇದ್ದೀರಾ?”

“ಹೂಂ.”

“ಹಾಗಾದ್ರೆ ನಾನೇನು ಹೇಳ್ದೆ, ಹೇಳಿ ನೋಡೋಣ.”

ಆಗ ಅರದ ಸದ್ದು ಸ್ವಲ್ಪ ಜೋರಾಗುತ್ತಿತ್ತು. ಮೇಲಿನಿಂದ ನಗು ಕೇಳುತ್ತಿತ್ತು. ಅಕ್ಕನಿಗೆ ಸಿಟ್ಟು ಬರುತ್ತಿರಲಿಲ್ಲ. ಹೂಂ ಅನ್ನುವ ಗಂಡ ಸಿಕ್ಕಿದ್ದೇ ಪುಣ್ಯ, ಕೆಲವರಿಗೆ ಉಹೂಂ ಅನ್ನುವವರು ಸಿಗುತ್ತಾರೆ ಎಂದು ಅವರ ವಾದ.

ಒಂದು ಬೆಳಿಗ್ಗೆ ಆ ಮಾತು ನಡುವೆಯೇ ನಿಂತಿತು. ಭಾವ ಅಭ್ಯಾಸಬಲದಿಂದ ಇನ್ನೂ ಒಂದೆರಡು ಹೂಂ ಹೆಚ್ಚಿಗೆ ಹಾಕಿದರು. ಆಮೇಲೆ ಹೂಂ ಅನ್ನುವುದಕ್ಕೆ ಮೇಲಿನಿಂದ ಏನೂ ಬರುತ್ತಿಲ್ಲ ಎಂದು ಅವರಿಗೆ ಹೊಳೆಯಿತು. ಅರ ಕೆಳಗಿಟ್ಟು ಮೆಟ್ಟಿಲು ಹತ್ತಿದರು. ನಲ್ಲಿ ಸುರಿಯುತ್ತಲೇ ಇತ್ತು. ಅಕ್ಕ ನೆಲದ ಮೇಲೆ ಬಿದ್ದಿದ್ದರು.

ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು ಆಸ್ಪತ್ರೆಯಲ್ಲಿ. ಐಸಿಯುವಿನ ಕೊನೆಯ ಹಾಸಿಗೆಯಲ್ಲಿ, ಬಾಯಿಗೆ ಕೊಳವೆ ಇಟ್ಟು, ಯಂತ್ರದಿಂದ ಉಸಿರಾಡಿಸುತ್ತಾ ಮಲಗಿಸಿದರು. ಆ ಬಾಯಿಗೆ ಕೊಳವೆ ಇಟ್ಟದ್ದನ್ನು ನೋಡಿ ನಮ್ಮ ಇಡೀ ಕಟ್ಟಡಕ್ಕೇ ಮಾತು ನಿಂತಂತಾಯಿತು.

ನನ್ನ ಹತ್ತಿರ ಒಂದು ಹಳೆಯ ಸ್ಕೂಟರು ಇರುವುದರಿಂದ ಭಾವನನ್ನು ದಿನಾ ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಅವರ ಮಗಳು ಬಸ್ ಡಿಪೋದಲ್ಲಿ ಕೆಲಸ ಮಾಡುತ್ತಿದ್ದಳು. ಅವಳು ಅಲ್ಲಿಂದಲೇ ನೇರ ಬರುತ್ತಿದ್ದಳು. ಹಾಗಾಗಿ ಮುಂದಿನದೆಲ್ಲ ನಾನು ಕಣ್ಣಾರೆ ನೋಡಿದ್ದು.

ಅಕ್ಕ ಕಣ್ಣು ಬಿಡಲಿಲ್ಲ. ಕೈ ಚಿವುಟಿದರೂ ಕದಲಲಿಲ್ಲ. ಒಂದು ದಿನ ಡಾಕ್ಟರಮ್ಮ ಬಂದು ಹೇಳಿದರು, “ಮಿದುಳಿನ ಬುಡದಲ್ಲಿ ಕಾಂಡ ಅಂತ ಒಂದು ಭಾಗ ಇದೆ. ಅದು ಎಷ್ಟು ಕೆಲಸ ಮಾಡ್ತಿದೆ ಅಂತ ನೋಡಬೇಕು. ಕಿವಿಗೆ ಸದ್ದು ಬಿಟ್ಟು, ಆ ಕಾಂಡದಲ್ಲಿ ಹುಟ್ಟೋ ಕರೆಂಟ್ ಅಳೀತೀವಿ.”

ಭಾವನಿಗೆ ಕೊನೆಯ ಭಾಗದಲ್ಲಿ ಕರೆಂಟ್ ಎಂಬ ಒಂದು ಮಾತು ಮಾತ್ರ ಸಿಕ್ಕಿತು.

“ಕರೆಂಟ್ ಕೊಡೋದು ಬೇಡ ಡಾಕ್ಟರೇ. ಅವಳಿಗೆ ಇಸ್ತ್ರಿಪೆಟ್ಟಿಗೆ ಮುಟ್ಟೋಕೂ ಭಯ.”

“ನಾವು ಕೊಡಲ್ಲ. ಅವರ ಒಳಗೆ ಇರೋದನ್ನ ಅಳೀತೀವಿ.”

“ಒಳಗಾ? ಒಳಗೆ ಬೇಕಾದಷ್ಟಿದೆ. ಅಳೀರಿ,” ಎಂದರು ಭಾವ. ಅವರ ದನಿಯಲ್ಲಿ ಹೆಮ್ಮೆ ಇತ್ತು.

ಪರೀಕ್ಷೆ ಮಾಡಲು ಬಂದಾಕೆ ಸಣ್ಣ ಪ್ರಾಯದ, ಮೆತ್ತಗೆ ಮಾತಾಡುವ ಹುಡುಗಿ. ಗಾಲಿ ಇರುವ ಮೇಜಿನ ಮೇಲೆ ಯಂತ್ರ ತಳ್ಳಿಕೊಂಡು ಬಂದಳು. ಅಕ್ಕನ ಹಣೆಯನ್ನೂ ಕಿವಿಯ ಹಿಂಭಾಗವನ್ನೂ ಒರೆಸಿ, ತಂತಿ ಇರುವ ಚಿಕ್ಕ ಚಿಕ್ಕ ಬಿಲ್ಲೆಗಳನ್ನು ಅಂಟಿಸಿ, ಕಿವಿಯೊಳಗೆ ಸದ್ದು ಬರುವ ನಳಿಗೆ ಇಟ್ಟಳು. ಆ ಸದ್ದು ನಮಗೂ ಸಣ್ಣಗೆ ಕೇಳುತ್ತಿತ್ತು. ಟಕಟಕಟಕ ಎಂದು, ಯಾರೋ ತುಂಬ ಆತುರದವರು ಬಾಗಿಲು ತಟ್ಟಿದ ಹಾಗೆ.

“ಇಷ್ಟೊಂದು ಸಲ ಯಾಕಮ್ಮ?” ಎಂದರು ಭಾವ.

“ಒಂದೊಂದು ಸದ್ದಿಗೆ ಒಳಗಿಂದ ಬರೋ ಉತ್ತರ ತುಂಬಾ ಸಣ್ಣದು. ಸಾವಿರಾರು ಸಲ ಸದ್ದು ಮಾಡಿ, ಎಲ್ಲಾ ಉತ್ತರ ಒಟ್ಟು ಸೇರಿಸಿದರೆ ಮಾತ್ರ ಕಾಣಿಸುತ್ತೆ.”

“ನಮ್ಮನೇಲಿ ಹಾಗಿರೋದು ನಾನು,” ಎಂದರು ಭಾವ.

ಯಂತ್ರದ ಪರದೆಯ ಮೇಲೆ ನಿಧಾನವಾಗಿ ಒಂದು ಗೆರೆ ಎದ್ದಿತು. ಮೊದಲು ಒಂದು ದಿಣ್ಣೆ, ಆಮೇಲೆ ಇನ್ನಷ್ಟು, ಕೊನೆಗೊಂದು ದೊಡ್ಡದು. ಹುಡುಗಿ ಅದರ ಮೇಲೆ ಬೆರಳು ಆಡಿಸಿ ತೋರಿಸಿದಳು. “ಸದ್ದು ಕಿವಿಯಿಂದ ಹೊರಟು ಕಾಂಡದವರೆಗೂ ಮುಟ್ಟಿದೆ. ಅಲೆಗಳೆಲ್ಲ ಬಂದಿವೆ. ಆದ್ರೆ ಇದರ ಅರ್ಥ…”

ಭಾವ ಮೂವತ್ತು ವರ್ಷದಿಂದ ಎಲ್ಲರ ಮಾತನ್ನೂ ಮೊದಲರ್ಧ ಕೇಳಿ, ಉಳಿದರ್ಧಕ್ಕೆ ಹೂಂಗುಟ್ಟಿದವರು. ಹುಡುಗಿ ‘ಆದ್ರೆ’ ಅನ್ನುವಷ್ಟರಲ್ಲಿ ಅವರು ‘ಹೂಂ ಹೂಂ’ ಅನ್ನುತ್ತಾ ಐಸಿಯು ಬಾಗಿಲು ದಾಟಿದ್ದರು. ಮಗಳು ಅಲ್ಲೇ ನಿಂತು ಉಳಿದರ್ಧ ಕೇಳಿಸಿಕೊಂಡಳು. ಹೊರಗೆ ಬಂದಾಗ ಅವಳ ಮುಖ ಬೇರೆಯೇ ಆಗಿತ್ತು. ಅದನ್ನು ನಾನು ನೋಡಿದೆ, ಭಾವ ನೋಡಲಿಲ್ಲ. ಅವರಾಗಲೇ ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು.

ಕಟ್ಟಡದ ಬಾಗಿಲಲ್ಲಿ ಇಳಿದವರೇ ಭಾವ ಘೋಷಿಸಿದರು. “ಅವಳಿಗೆ ಕೇಳಿಸುತ್ತಂತೆ.”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ನೆಲಮಹಡಿಯಲ್ಲಿ ‘ಕೇಳಿಸುತ್ತಂತೆ’ ಎಂದು ಹೊರಟದ್ದು ಮೊದಲ ಮಹಡಿಯಲ್ಲಿ ‘ಎಲ್ಲ ಕೇಳಿಸುತ್ತಂತೆ, ಉತ್ತರ ಕೊಡೋಕಾಗಲ್ಲ ಅಷ್ಟೆ’ ಎಂದಾಯಿತು. ನಾಲ್ಕನೇ ಮಹಡಿ ತಲುಪುವಾಗ ಅಕ್ಕ ಒಬ್ಬೊಬ್ಬರನ್ನೇ ಕೇಳುತ್ತಿದ್ದಾರಂತೆ ಎಂದಾಗಿತ್ತು. ಯಾರ ಮನಸ್ಸಿನಲ್ಲಿ ಅಕ್ಕನಿಗೆ ಹೇಳುವ ಮಾತು ಇಲ್ಲ? ಸಂಜೆಯ ಭೇಟಿಯ ವೇಳೆಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ ನಮ್ಮ ಕಟ್ಟಡವೇ ನಿಂತಿತ್ತು.

“ಇದು ಐಸಿಯು, ಬಸ್ ನಿಲ್ದಾಣ ಅಲ್ಲ,” ಎಂದರು ಹಿರಿಯ ನರ್ಸು.

ಕಾರ್ಯದರ್ಶಿಗಳು ಮುಂದೆ ಬಂದು, ಒಬ್ಬೊಬ್ಬರನ್ನೇ ಕಳಿಸುವ ಜವಾಬ್ದಾರಿ ತಮ್ಮದು ಎಂದು ಭರವಸೆ ಕೊಟ್ಟರು. ಶಿಸ್ತು ಕಲಿಸುವವರೇ ಮೊದಲು ಹೋಗಬೇಕು ಎಂಬ ನ್ಯಾಯದಿಂದ ತಾವೇ ಮೊದಲು ಒಳಗೆ ಹೋದರು. ಹಾಸಿಗೆಯ ಕಾಲ ಬಳಿ ನಿಂತು ಗಂಟಲು ಸರಿಮಾಡಿಕೊಂಡು, “ಮಾನ್ಯರೇ,” ಎಂದರು. ಮೇಲಿನ ತೊಟ್ಟಿಯ ಕೋಣೆಗೆ ಇನ್ನೊಂದು ಬೀಗದ ಕೈ ಎಲ್ಲಿದೆ ಎಂದು ವಿಚಾರಿಸಿದರು. ಬೀಗದವರ ಮನೆಯಲ್ಲಿ ಯಾವ ಕೈ ಎಲ್ಲಿದೆ ಎಂದು ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ. ಉತ್ತರ ಬರಲಿಲ್ಲ. “ಹಾಗಾದರೆ ಹಳೆಯ ಬೀಗ ಒಡೆಸೋಣ ಅಂತ ಇದ್ದೇನೆ,” ಎಂದರು. ಅದಕ್ಕೂ ಉತ್ತರ ಇಲ್ಲ. ಹೊರಗೆ ಬಂದು, “ಆಕ್ಷೇಪ ಬಂದಿಲ್ಲ, ಒಪ್ಪಿಗೆ ಎಂದು ತಿಳಿಯಲಾಗಿದೆ,” ಎಂದು ನಮಗೆಲ್ಲ ತಿಳಿಸಿದರು. ಆಮೇಲೆ ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿದರು. ಒರೆಸಿದರು, ಮತ್ತೆ ಒರೆಸಿದರು.

ಮೂರನೇ ಮಹಡಿಯ ಸೊಸೆ ಹೋಗಿ, ಅಕ್ಕನ ಛತ್ರಿ ತಾನೇ ಕಳೆದದ್ದು ಎಂದು ಒಪ್ಪಿಕೊಂಡು ಬಂದಳು. ನಾನೂ ಹೋದೆ. ಏನು ಹೇಳಬೇಕೋ ತೋಚದೆ, ಸ್ಕೂಟರು ಸರಿಯಾಗಿ ಓಡುತ್ತಿದೆ ಅಕ್ಕ, ಎಂದೆ.

ಮರುದಿನ ಅಕ್ಕನ ಒಡಹುಟ್ಟಿದ ತಂಗಿಯೇ ಬಂದಳು. ಅಕ್ಕತಂಗಿಯರು ಮಾತು ಬಿಟ್ಟು ವರ್ಷಗಳಾಗಿದ್ದವು. ಅವರಮ್ಮನ ಹೊಲಿಗೆ ಯಂತ್ರ ಯಾರಿಗೆ ಸೇರಬೇಕು ಎಂಬುದೇ ಅದಕ್ಕೆ ಕಾರಣ. ಯಂತ್ರ ಅಕ್ಕನ ಮನೆಯಲ್ಲಿತ್ತು. ಅದರಲ್ಲಿ ಯಾರೂ ಹೊಲಿಯುತ್ತಿರಲಿಲ್ಲ. ಮೇಲೆ ಬಟ್ಟೆ ರಾಶಿ ಇಡುತ್ತಿದ್ದರು. ತಂಗಿ ಕಾರ್ಯದರ್ಶಿಗಳನ್ನು ಸರಿಸಿ ಒಳಗೆ ಹೋದಳು. ಅವಳ ದನಿ ಹೊರಗಿನವರೆಗೂ ಕೇಳುತ್ತಿತ್ತು.

“ಕೇಳಿಸುತ್ತೆ ಅಂದ್ರಲ್ಲ, ಈಗ ಕೇಳು. ಅಮ್ಮ ಯಂತ್ರ ನನಗೇ ಅಂದಿದ್ರು. ನೀನೂ ಅಲ್ಲೇ ಇದ್ದೆ. ಇರಲಿಲ್ಲ ಅಂತ ಹೇಳು ನೋಡೋಣ.”

ಅಕ್ಕ ಇರಲಿಲ್ಲ ಎನ್ನಲಿಲ್ಲ. ತಂಗಿ ಇನ್ನೊಂದು ವಿಷಯ ಎತ್ತಿದಳು. ಮತ್ತೊಂದು ಎತ್ತಿದಳು. ಎದುರು ಮಾತಿಲ್ಲದ ಜಗಳ ಎಷ್ಟು ಹೊತ್ತು ನಡೆದೀತು? ದನಿ ಇಳಿಯುತ್ತಾ ಇಳಿಯುತ್ತಾ ನಿಂತೇಹೋಯಿತು. ಅವಳು ಹೊರಗೆ ಬಂದು ಬೆಂಚಿನ ಮೇಲೆ ಕುಸಿದಳು.

“ಒಂದೂ ಮಾತಾಡಲಿಲ್ಲ ಭಾವ. ಬೈಯಲೂ ಇಲ್ಲ.”

“ನಾಳೆ ಮತ್ತೆ ಬಾ,” ಎಂದರು ಭಾವ. “ಅವಳು ಯೋಚನೆ ಮಾಡ್ತಿರ್ತಾಳೆ.”

ಎಲ್ಲರ ಸರದಿಯೂ ಆಯಿತು. ಕೊನೆಗೆ ಭಾವನ ಸರದಿ ಬಂತು. ನಿಜವಾದ ತೊಂದರೆ ಶುರುವಾದದ್ದು ಅಲ್ಲಿ. ಅವರು ಹಾಸಿಗೆ ಪಕ್ಕದ ಸ್ಟೂಲಿನಲ್ಲಿ ಕೂತರು. ಅಕ್ಕನ ಕೈ ಹಿಡಿದರು. ಬಾಯಿ ತೆರೆದರು. ಏನೂ ಬರಲಿಲ್ಲ. ಮದುವೆಯಾದ ದಿನದಿಂದ ಆ ಮನೆಯಲ್ಲಿ ಮಾತು ಒಬ್ಬರದು, ಹೂಂ ಒಬ್ಬರದು. ಈಗ ಮಾತಾಡುವವರು ಸುಮ್ಮನಿದ್ದಾರೆ, ಹೂಂ ಯಾವುದಕ್ಕೆ ಅನ್ನಬೇಕು? ತುಂಬ ಹೊತ್ತಿನ ಮೇಲೆ, “ಹೂಂ,” ಎಂದರು. ಎದ್ದು ಬಂದರು.

“ನನಗೆ ಏನು ಹೇಳಬೇಕೋ ಗೊತ್ತಾಗಲ್ಲಮ್ಮ,” ಎಂದರು ಮಗಳಿಗೆ. “ಅವಳು ಕಾಯ್ತಿರ್ತಾಳೆ. ಎಲ್ಲರೂ ಏನೇನೋ ಹೇಳ್ತಾರೆ, ಗಂಡ ಮಾತ್ರ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದಾನೆ ಅಂದ್ಕೋತಾಳೆ.”

ಮಗಳು ಆಗಲೇ ನಿಜ ಹೇಳಬೇಕಿತ್ತು. ಅವಳಿಗೆ ಬಾಯಿ ಬರಲಿಲ್ಲ. “ದಿನಾ ಏನು ನಡೀತು ಅಂತ ಹೇಳಿ ಅಪ್ಪ. ಅಮ್ಮನೂ ಅದನ್ನೇ ಅಲ್ವಾ ಹೇಳ್ತಿದ್ದದ್ದು,” ಎಂದುಬಿಟ್ಟಳು.

ಅಂದಿನಿಂದ ಭಾವ ಸುದ್ದಿ ಹುಡುಕಲು ಹೊರಟರು. ಹುಟ್ಟಿದ ಮೇಲೆ ಯಾರ ಸುದ್ದಿಗೂ ಹೋಗದಿದ್ದ ಮನುಷ್ಯ ಅಂಗಡಿ ಮುಚ್ಚಿ ಮಹಡಿ ಮಹಡಿ ಸುತ್ತತೊಡಗಿದರು. ನಲ್ಲಿಯ ಬಳಿ ನಿಂತರು. ಮೆಟ್ಟಿಲ ತಿರುವಿನಲ್ಲಿ ನಿಂತರು. ಬಾಗಿಲ ಮರೆಯಲ್ಲಿ ನಿಂತು ಕಿವಿಗೊಟ್ಟದ್ದೂ ಉಂಟು. ಆದರೆ ಕೇಳುವುದೂ ಒಂದು ವಿದ್ಯೆ. ಅಭ್ಯಾಸ ಇಲ್ಲದವರು ಏಕಾಏಕಿ ಇಳಿದರೆ ಏನಾಗುತ್ತದೆ ಎನ್ನುವುದಕ್ಕೆ ಫ್ರಿಜ್ಜಿನ ಪ್ರಕರಣವೇ ಸಾಕ್ಷಿ.

ಮೂರನೇ ಮಹಡಿಯ ಸೊಸೆ ಒಂದು ಬೆಳಿಗ್ಗೆ ಗಂಡನಿಗೆ ಹೇಳುತ್ತಿದ್ದಳು. “ಹಗಲೂ ರಾತ್ರಿ ಗೊರಗೊರ ಅನ್ನುತ್ತೆ. ವಯಸ್ಸಾಯ್ತು. ಇನ್ನು ಮನೇಲಿಟ್ಕೊಳ್ಳೋಕಾಗಲ್ಲ, ಯಾರಾದ್ರೂ ಬಂದ್ರೆ ಕೊಟ್ಟುಬಿಡೋಣ.” ಭಾವ ಬಾಗಿಲ ಹೊರಗೆ ನಿಂತು ಅಷ್ಟನ್ನೂ ಭಕ್ತಿಯಿಂದ ಕೇಳಿಸಿಕೊಂಡರು. ಆ ಸಂಜೆ ಅಕ್ಕನ ಕಿವಿಯ ಬಳಿ ಬಾಗಿ, ಬಹುಶಃ ಜೀವನದಲ್ಲೇ ಮೊದಲ ಸಲ, ಒಂದು ಸುದ್ದಿ ಹೇಳಿದರು.

“ಗೊತ್ತಾಯ್ತಾ? ಮೂರನೇ ಮಹಡಿಯವಳು ಅವಳ ಅತ್ತೆಯನ್ನ ಯಾರಿಗೋ ಕೊಟ್ಟುಬಿಡ್ತಾಳಂತೆ.”

ಹಾಸಿಗೆಯ ಸುತ್ತ ಎಳೆದ ಪರದೆಯ ಆಚೆ ಸರದಿಗೆ ಕಾಯುತ್ತಾ ಆ ಸೊಸೆಯೇ ನಿಂತಿದ್ದಳು. ಪಕ್ಕದಲ್ಲಿ ಅವಳ ಅತ್ತೆ.

“ಭಾವ,” ಎಂದಳು ಅವಳು ಮೆಲ್ಲಗೆ, “ಅದು ಫ್ರಿಜ್ಜು.”

ಅತ್ತೆ ನಂಬಲಿಲ್ಲ. ಮನೆಗೆ ಬಂದು ಫ್ರಿಜ್ಜಿನ ಮುಂದೆ ಕುರ್ಚಿ ಹಾಕಿ ಕೂತು, ಅದು ಗೊರಗೊರ ಅನ್ನುತ್ತದೋ ಇಲ್ಲವೋ ಎಂದು ಸ್ವತಃ ಪರೀಕ್ಷಿಸಿದರು. ಆ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗಿತ್ತು. ಸೊಸೆಯ ಗ್ರಹಚಾರ. ಅಕ್ಕ ಇದ್ದಿದ್ದರೆ ಒಂದು ಗಳಿಗೆಯಲ್ಲಿ ಇಬ್ಬರನ್ನೂ ಕೂರಿಸಿ ನಗಿಸಿಬಿಡುತ್ತಿದ್ದರು. ಈಗ ಆ ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಅತ್ತರು. ಇಬ್ಬರೂ ಅಕ್ಕನನ್ನು ನೆನೆದೇ ಅತ್ತರು ಎಂದು ನಮಗೆ ಆಮೇಲೆ ಗೊತ್ತಾಯಿತು.

ಈ ಗಲಾಟೆ ಹಿರಿಯ ನರ್ಸಿನ ಮೂಲಕ ಡಾಕ್ಟರಮ್ಮನ ಕಿವಿಗೆ ಬಿತ್ತು. ಅವರು ಭಾವನನ್ನೂ ಮಗಳನ್ನೂ ತಮ್ಮ ಕೋಣೆಗೆ ಕರೆಸಿದರು. ನಾನೂ ಬಾಗಿಲಲ್ಲಿ ನಿಂತೆ.

“ನೋಡಿ, ಅಲೆ ಬಂತು ಅಂದ್ರೆ ಅವರಿಗೆ ಕೇಳಿಸ್ತು ಅಂತ ಅಲ್ಲ,” ಎಂದರು ಡಾಕ್ಟರಮ್ಮ. “ಒಂದು ಮನೆ ಮುಂದೆ ನಿಂತು ಗಂಟೆ ಒತ್ತಿದ್ರಿ ಅಂತಿಟ್ಕೊಳ್ಳಿ. ಒಳಗೆ ಗಂಟೆ ಹೊಡ್ಕೊಳ್ತು. ತಂತಿ ಸರಿಯಿದೆ ಅಂತ ಗೊತ್ತಾಯ್ತು, ಅಷ್ಟೆ. ಒಳಗಿರೋರು ಅದನ್ನ ಕೇಳಿದ್ರೋ ಇಲ್ವೋ ಅನ್ನೋದು ಬೇರೆ ಮಾತು.”

ಭಾವ ಯೋಚಿಸಿದರು. ತಮ್ಮ ಕಸುಬಿಗೆ ಸಂಬಂಧಿಸಿದ ವಿಷಯವಾದ್ದರಿಂದ ಈ ಸಲ ಪೂರ್ತಿ ಕೇಳಿಸಿಕೊಂಡಿದ್ದರು.

“ಬಾಗಿಲಿಗೆ ಹೊರಗಿಂದ ಬೀಗ ಇದೆಯಾ, ಒಳಗಿಂದ ಚಿಲಕ ಹಾಕಿದೆಯಾ?”

“ಅಯ್ಯೋ, ಅದು ಉದಾಹರಣೆಗೆ ಹೇಳಿದ್ದು.”

“ಅಲ್ಲ, ಒಳಗಿಂದ ಚಿಲಕ ಹಾಕಿದ್ರೆ ಒಳಗೆ ಜನ ಇದ್ದೇ ಇರ್ತಾರೆ ಡಾಕ್ಟರೇ. ಎಷ್ಟೋ ಬಾಗಿಲು ತೆಗೆದಿದ್ದೀನಿ. ಒಂದು ಸಲಾನೂ ತಪ್ಪಿಲ್ಲ.”

ಡಾಕ್ಟರಮ್ಮ ಮಗಳ ಮುಖ ನೋಡಿದರು. ಮಗಳು ನೆಲ ನೋಡುತ್ತಿದ್ದಳು. ಭಾವ ಎದ್ದು ಕೈಮುಗಿದು, ಭೇಟಿಯ ವೇಳೆ ಆಯಿತು ಎಂದು ಹೊರಟರು. ಅಂದು ಅವರ ಬಳಿ ಒಂದು ಖಚಿತವಾದ ಸುದ್ದಿ ಇತ್ತು. ತೊಟ್ಟಿಯ ಕೋಣೆಯ ಬೀಗ ಒಡೆಸಬೇಕಾಗಿಲ್ಲ, ಅವರೇ ಹೊಸ ಬೀಗದ ಕೈ ಮಾಡಿಕೊಟ್ಟಿದ್ದರು.

ಅದಾದ ಕೆಲವೇ ದಿನಕ್ಕೆ ಅಕ್ಕನ ಸ್ಥಿತಿ ಕೆಟ್ಟಿತು. ಮಿದುಳು ಊದಿದೆ ಎಂದರು. ಕಣ್ಣಿಗೆ ಬೆಳಕು ಬಿಟ್ಟರೆ ಪಾಪೆ ಕಿರಿದಾಗುತ್ತಿಲ್ಲ ಎಂದರು. ಅದೇ ಹುಡುಗಿ ಅದೇ ಮೇಜು ತಳ್ಳಿಕೊಂಡು ಬಂದಳು. ಬಿಲ್ಲೆ ಅಂಟಿಸಿದಳು, ನಳಿಗೆ ಇಟ್ಟಳು. ಟಕಟಕ ಶುರುವಾಯಿತು. ಭಾವ ಯಂತ್ರದ ಪರದೆಯ ಎದುರು ನಿಂತರು. ಮಗಳು ಅವರ ಹಿಂದೆ.

ಮೊದಲ ದಿಣ್ಣೆ ಬಂತು. ಸಣ್ಣದು. ಆಮೇಲೆ ಗೆರೆ ನೆಟ್ಟಗೆ ಹೋಯಿತು. ಹುಡುಗಿ ಸದ್ದು ಏರಿಸಿದಳು. ತಂತಿ ಮುಟ್ಟಿ ನೋಡಿದಳು. ಇನ್ನೊಂದು ಕಿವಿಗೆ ಬದಲಾಯಿಸಿದಳು. ಮತ್ತೆ ಮೊದಲಿನಿಂದ ಮಾಡಿದಳು. ಗೆರೆ ಏಳಲಿಲ್ಲ.

“ಇದು ಒಂದು ಬಂತಲ್ಲಮ್ಮ,” ಎಂದರು ಭಾವ ಮೊದಲ ದಿಣ್ಣೆ ತೋರಿಸಿ.

“ಅದು ಕಿವಿಯ ನರದ್ದು. ಕಿವಿಯಿಂದ ಹೊರಟಿದೆ. ಮುಂದೆ ಕಾಂಡದಲ್ಲಿ ಎಲ್ಲೂ ಮುಟ್ಟಿಲ್ಲ.”

ಭಾವ ಹೂಂ ಅನ್ನಲಿಲ್ಲ. ಹುಡುಗಿ ತಂತಿ ಸುತ್ತಲು ಶುರು ಮಾಡಿದಳು. ಅವರು ಕೈ ಅಡ್ಡ ಹಿಡಿದರು.

“ಹೋದ ಸಲ ನೀನು ‘ಆದ್ರೆ’ ಅಂತ ಏನೋ ಹೇಳೋಕೆ ಹೊರಟಿದ್ದೆ. ನಾನು ನಿಲ್ಲಲಿಲ್ಲ. ಈಗ ಹೇಳು. ಪೂರ್ತಿ ಹೇಳು.”

ಹುಡುಗಿ ಮಗಳ ಕಡೆ ನೋಡಿದಳು. ಮಗಳು ತಲೆಯಾಡಿಸಿದಳು.

“ಆವತ್ತು ಸದ್ದು ಮುಟ್ಟಿತ್ತು, ಆದ್ರೆ ಅವರಿಗೆ ಕೇಳಿಸುತ್ತೆ ಅಂತ ಹೇಳೋಕಾಗಲ್ಲ. ಅರ್ಥ ಆಗೋದು ಇನ್ನೂ ಮೇಲೆ, ಮಿದುಳಿನ ಬೇರೆ ಭಾಗದಲ್ಲಿ. ಅಲ್ಲಿ ಏಟು ಬಿದ್ದಿದೆ. ಇಷ್ಟು ಹೇಳೋದಿತ್ತು.”

“ಆವತ್ತು ಮುಟ್ಟಿದ್ದಂತೂ ನಿಜ ಅಲ್ವಾ?”

“ನಿಜ.”

“ಇವತ್ತು ಅದೂ ಇಲ್ಲ.”

“ಇಲ್ಲ.”

ಭಾವ ಅವಳಿಗೆ ಮೇಜು ತಳ್ಳಲು ದಾರಿ ಬಿಟ್ಟುಕೊಟ್ಟರು. ಬಾಗಿಲವರೆಗೂ ಒಂದು ಕಡೆ ಕೈ ಹಿಡಿದು ತಾವೂ ತಳ್ಳಿದರು.

ಹೊರಗೆ ಮೊಗಸಾಲೆಯಲ್ಲಿ ಎಂದಿನಂತೆ ನಮ್ಮವರೆಲ್ಲ ನಿಂತಿದ್ದರು. ಅತ್ತೆ, ಸೊಸೆ ಆ ದಿನ ಒಟ್ಟಿಗೆ ಬಂದಿದ್ದರು. ಕಾರ್ಯದರ್ಶಿಗಳು ಗಡಿಯಾರ ನೋಡಿಕೊಂಡು ಯಾರು ಮೊದಲು ಎಂದು ನಿರ್ಧರಿಸುತ್ತಿದ್ದರು. ಎಲ್ಲರಿಗಿಂತ ಮುಂದೆ ತಂಗಿ. ಹೊಲಿಗೆ ಯಂತ್ರ ಅಕ್ಕನೇ ಇಟ್ಟುಕೊಳ್ಳಲಿ ಎಂದು ಹೇಳಲು ಬಂದಿದ್ದಳು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದವಳ ಹಾಗಿದ್ದಳು.

“ಏನಂದ್ರು ಭಾವ? ಕೇಳಿಸುತ್ತಾ?”

ಎಲ್ಲರೂ ಅವರ ಬಾಯನ್ನೇ ನೋಡಿದರು. ಅವರ ಬಾಯನ್ನು ಜನ ಹಾಗೆ ಕಾದು ನೋಡಿದ್ದು ಅದೇ ಮೊದಲು.

“ನೀನು ಹೋದ ಸಲ ಹೇಳಿದ್ದು ಮುಟ್ಟಿದೆ,” ಎಂದರು ಭಾವ. ಆ ಪದವನ್ನು ತೂಗಿ ಹೇಳಿದರು. “ಮುಟ್ಟಿದೆ ಅಂತ ಯಂತ್ರದಲ್ಲೇ ಬಂದಿತ್ತು. ನಾನು ನೋಡಿದ್ದೀನಿ.”

“ಇವತ್ತು ಹೇಳೋದು?”

“ಇವತ್ತು ನೀವೆಲ್ಲ ಇಲ್ಲೇ ಇರಿ. ನಾನು ಹೋಗ್ತೀನಿ.”

ತಂಗಿಗೆ ಅರ್ಥವಾಯಿತು. ಅವಳು ಬೆಂಚಿನ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸೊಸೆ ಅವಳ ಪಕ್ಕ ಕೂತಳು. ಭಾವ ಒಳಗೆ ಹೋಗಿ ಸ್ಟೂಲು ಹತ್ತಿರ ಎಳೆದುಕೊಂಡು ಕೂತು, ಪರದೆ ಎಳೆದುಕೊಂಡರು.

ಆಮೇಲೆ ಅವರ ದನಿ ಕೇಳಿತು. ಮಾತು ತಿಳಿಯುವಷ್ಟು ಜೋರಾಗಿರಲಿಲ್ಲ. ನಿಲ್ಲಲೂ ಇಲ್ಲ. ಮೊದಲು ತಡವರಿಸಿ, ಆಮೇಲೆ ನಿಧಾನವಾಗಿ, ಆಮೇಲೆ ತಡೆಯೇ ಇಲ್ಲದೆ ಬಂತು. ಒಮ್ಮೆ ನಕ್ಕ ಹಾಗೂ ಕೇಳಿತು. ಹೆಂಡತಿಗೆ ಕೇಳಿಸುತ್ತದೆ ಎಂದು ನಂಬಿದ್ದಾಗ ಒಂದು ಮಾತೂ ಹೊರಡದ ಮನುಷ್ಯ, ಕೇಳಿಸುವುದಿಲ್ಲ ಎಂದು ಖಾತ್ರಿಯಾದ ಮೇಲೆ ಒಂದೇ ಸಮನೆ ಮಾತಾಡಿದರು. ಭೇಟಿಯ ವೇಳೆ ಮುಗಿಯಿತು. ಹಿರಿಯ ನರ್ಸು ಪರದೆಯವರೆಗೆ ಹೋಗಿ, ಒಂದು ಕ್ಷಣ ನಿಂತು, ಹಿಂತಿರುಗಿ ಬಂದು ತಮ್ಮ ಮೇಜಿನಲ್ಲಿ ಕೂತರು. ಕಾರ್ಯದರ್ಶಿಗಳು ಗಡಿಯಾರ ನೋಡಲಿಲ್ಲ.

ಮರುದಿನ ಮಧ್ಯಾಹ್ನ ಅಕ್ಕ ಹೋದರು.

ಕಟ್ಟಡದಲ್ಲಿ ದುಃಖ ಸ್ವಲ್ಪ ತಿಳಿಯಾದ ಮೇಲೆ, ಭಾವ ಅಂದು ಒಳಗೆ ಏನು ಹೇಳಿದರು ಎಂಬುದು ಎಲ್ಲರ ತಲೆ ಹೊಕ್ಕಿತು. ಮೂರನೇ ಮಹಡಿಯ ಅತ್ತೆ ನನ್ನನ್ನು ಕೇಳಿದರು. ಕಾರ್ಯದರ್ಶಿಗಳು ಸುತ್ತಿಬಳಸಿ ಕೇಳಿದರು. ಹೊಲಿಗೆ ಯಂತ್ರವನ್ನು ಭಾವನೇ ತಂಗಿಯ ಮನೆಗೆ ತಲುಪಿಸಿದಾಗ ಅವಳೂ ಕೇಳಿದಳಂತೆ. ಅವರು ಯಾರಿಗೂ ಹೇಳಲಿಲ್ಲ. ಎಲ್ಲರ ಗುಟ್ಟೂ ಎಲ್ಲರಿಗೂ ತಿಳಿದಿರುವ ನಮ್ಮ ಕಟ್ಟಡದಲ್ಲಿ ಅದೊಂದು ಮಾತ್ರ ಇವತ್ತಿಗೂ ತಿಳಿದಿಲ್ಲ.

ಒಂದು ಸಂಜೆ ಅಂಗಡಿಯ ಮುಂದೆ ನಾನು, ಮಗಳು ನಿಂತಿದ್ದೆವು. ಭಾವ ಕೆಲಸ ಮುಗಿಸಿ ಬಾಗಿಲು ಎಳೆಯುತ್ತಿದ್ದರು. ಅವಳು ತಡೆಯಲಾರದೆ ಕೇಳಿಯೇಬಿಟ್ಟಳು.

“ಅಪ್ಪ, ಆವತ್ತು ಅಷ್ಟು ಹೊತ್ತು ಅಮ್ಮನಿಗೆ ಏನು ಹೇಳಿದ್ರಿ?”

ಭಾವ ಮಗಳ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಅವಳ ತಲೆಯ ಮೇಲೆ ಕೈಯಿಟ್ಟರು.

“ಅದು ನಿನಗಲ್ಲಮ್ಮ,” ಎಂದರು. “ಅವಳಿಗೆ ಹೇಳಿದ್ದು.”